ಜರ್ಮನ್ ಪಿಸ್ತೂಲಿಗೆ ದೊಡ್ಡ ಬೊಟ್ಟು

ಅದು ಎರಡು ವರ್ಷದ ಹಿಂದಿನ ಆಯುಧಪೂಜೆ. ದುಬೈಯಲ್ಲಿ ಅದು ಬರೀ ಒಂದು ಶನಿವಾರ. ಆದರೂ ಅಲ್ ಕುಸೈಸಿನ ನಮ್ಮ ಫ್ಲ್ಯಾಟಿನಲ್ಲಿ ನಾನು ಬೆಳಗಾಗುವಾಗಲೇ ಎದ್ದು ತುರಿಮಣೆ, ಮಿಕ್ಸಿ, ಕತ್ತರಿ, ಇಸ್ತ್ರಿಪೆಟ್ಟಿಗೆ, ಯಜಮಾನರ ಲ್ಯಾಪ್‌ಟಾಪು ಎಲ್ಲವನ್ನೂ ಒರೆಸಿ, ಹಾಲಿನಲ್ಲಿ ಸಾಲಾಗಿ ಕೂರಿಸಿ, ಗಂಧ ಕುಂಕುಮದ ಬೊಟ್ಟಿಟ್ಟೆ. ಮಗಳು ಕೋಣೆಯಿಂದ ಇಣುಕಿ, "ಅಮ್ಮಾ, ಸೀರಿಯಸ್ಲೀ? ಏರ್ ಫ್ರೈಯರ್‌ಗೂ?" ಎಂದು ಹೇಳಿ ಮತ್ತೆ ಹೊದ್ದು ಮಲಗಿದಳು.

ಯಜಮಾನರು ಚಹಾದ ಲೋಟ ಹಿಡಿದು ಆ ಸಾಲನ್ನು ಒಮ್ಮೆ ನೋಡಿದರು. "ಎಲ್ಲದಕ್ಕೂ ಬೊಟ್ಟು ಇಟ್ಟಾಯ್ತು. ನಿನ್ನ ಪಿಸ್ತೂಲಿಗೆ ಮಾತ್ರ ಇಲ್ಲ. ನಿಜವಾದ ಆಯುಧ ಅಂತ ಉಂಟಾದರೆ ಅದೊಂದೇ ಅಲ್ವಾ ಮಾರಾಯ್ತಿ?" ಎಂದರು. ಅವರು ತಮಾಷೆಗೆ ಹೇಳಿದ್ದು. ಆದರೆ ಆ ಮಾತು ನನ್ನ ತಲೆಯೊಳಗೆ ಹೋಗಿ ಕೂತುಬಿಟ್ಟಿತು.

ಪಿಸ್ತೂಲಿನ ಕಥೆ ಹೇಳದಿದ್ದರೆ ನಿಮಗೆ ಗಾಬರಿಯಾದೀತು. ನಾನು ಜುಮೇರಾ ಲೇಕ್ ಟವರ್ಸಿನ ಒಂದು ಕಚೇರಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಯಾವ ನಕ್ಷೆ ಯಾರಿಗೆ ಹೋಯಿತು, ಯಾವ ಕಾಗದಕ್ಕೆ ಯಾರ ಸಹಿ ಬಾಕಿ ಎಂದು ದಿನವಿಡೀ ನೋಡುವ ಕೆಲಸ. ನನ್ನ ನಲವತ್ತಾರನೆಯ ವಯಸ್ಸಿನಲ್ಲಿ ಕಚೇರಿಯವರು ಒಂದು ದಿನ ಎಲ್ಲರನ್ನೂ ಮರಳುಗಾಡಿನ ಅಂಚಿನ ಶೂಟಿಂಗ್ ಕ್ಲಬ್ಬಿಗೆ ವಿಹಾರಕ್ಕೆಂದು ಕರೆದುಕೊಂಡು ಹೋದರು. ಕಿವಿಗೆ ಮಫ್ ಹಾಕಿದ ಕೂಡಲೇ ಲೋಕದ ಗದ್ದಲವೆಲ್ಲ ಎಲ್ಲೋ ದೂರ ಸರಿಯಿತು. ನನ್ನ ಉಸಿರು ನನಗೇ ಕೇಳಿಸಿತು. ಕೈಯ ತುದಿಯಲ್ಲಿ ಪಿಸ್ತೂಲು, ಅದರ ತುದಿಯಲ್ಲಿ ಒಂದು ಸಣ್ಣ ಕಪ್ಪು ಗುರುತು, ಆಚೆ ಬಿಳಿ ಕಾಗದ. ಎರಡು ನಿಮಿಷ ನಾನು ಯಾರ ಹೆಂಡತಿಯೂ ಅಲ್ಲ, ಯಾರ ಅಮ್ಮನೂ ಅಲ್ಲ ಅನ್ನಿಸಿತು. ಒಟ್ಟು ಐದು ಗುಂಡು, ನಾಲ್ಕು ನಡುವಿನ ಕಪ್ಪು ವೃತ್ತಕ್ಕೇ ಬಿದ್ದಿದ್ದವು.

ಆಮೇಲೆ ಬಿಡಲಾಗಲಿಲ್ಲ. ಪ್ರತಿ ಶನಿವಾರ ಹೋಗತೊಡಗಿದೆ. ಊರಿಗೆ ಫೋನು ಮಾಡಿದಾಗ ಅತ್ತೆ, "ಅಲ್ಲಿ ಗುಂಡು ಹೊಡಿಯುದಾ? ಯಾರಿಗೆ?" ಎಂದು ಕೇಳಿದ್ದರು. ಕಾಗದಕ್ಕೆ ಎಂದರೆ ಅವರು ನಂಬಲಿಲ್ಲ. ಎರಡು ವರ್ಷ ಕಳೆಯುವಷ್ಟರಲ್ಲಿ ನಾನು ಕ್ಲಬ್ಬಿನ ಆರು ಜನ ಹೆಂಗಸರ ತಂಡದಲ್ಲಿ ಇದ್ದೆ. ಪಿಸ್ತೂಲು ನಮ್ಮದಲ್ಲ, ಕ್ಲಬ್ಬಿನದು. ಬೀಗ ಹಾಕಿದ ಕಪಾಟಿನಿಂದ ಬಂದು ಅಲ್ಲಿಗೇ ಹೋಗಬೇಕು. ಹಾಗಾಗಿ ನಾನು ಅದನ್ನು ಕನಸಿನಲ್ಲೇ ಮನೆಗೆ ತರುತ್ತಿದ್ದೆ.

ಆ ವರ್ಷ ಅಬುಧಾಬಿಯಲ್ಲಿ ಕ್ಲಬ್ಬುಗಳ ನಡುವೆ ಪಂದ್ಯ ಇತ್ತು. ನಮ್ಮ ತಂಡದ ಹಳೆಯ ಪಿಸ್ತೂಲುಗಳು ಸವೆದುಹೋಗಿದ್ದವು. ಹೊಸತು ಆರು ತರಿಸುವುದು, ಆರೂ ಒಂದೇ ಜಾತಿಯದು ಎಂದು ಕ್ಲಬ್ಬಿನ ಮುಖ್ಯಸ್ಥೆ ಮೇಡಂ ಶಮ್ಮಾ ತೀರ್ಮಾನಿಸಿದರು. ಅವರು ಇಲ್ಲಿನವರೇ, ಪೊಲೀಸ್ ಇಲಾಖೆಯಲ್ಲಿದ್ದು ನಿವೃತ್ತರಾದವರು, ಮಾತು ಕಡಿಮೆ. ನೋಡಲೆಂದು ಎರಡು ಮಾದರಿಗಳು ಬಂದವು. ಒಂದು ಜರ್ಮನಿಯದು, ತಲೆಮಾರುಗಳಿಂದ ಹೆಸರು ಮಾಡಿದ ಕಂಪನಿ. ಇನ್ನೊಂದು ಟರ್ಕಿಯಿಂದ ಹೊಸದಾಗಿ ಆಮದಾಗುತ್ತಿದ್ದದ್ದು, ಅದಕ್ಕಿಂತ ಎಷ್ಟೋ ಅಗ್ಗ.

ಜರ್ಮನಿಯದನ್ನು ಮೊದಲ ಸಲ ಹಿಡಿದ ದಿನ ನನಗೆ ಇನ್ನೂ ಚೆನ್ನಾಗಿ ನೆನಪಿದೆ. ಅಕ್ರೋಟು ಮರದ ಹಿಡಿ, ಅಂಗೈಗೆ ಅಳತೆ ತೆಗೆದು ಮಾಡಿದ ಹಾಗಿತ್ತು. ಟ್ರಿಗರ್ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತೆಂದೇ ತಿಳಿಯುತ್ತಿರಲಿಲ್ಲ, ಹೊಡೆಯಬೇಕು ಎಂದು ಯೋಚಿಸುವಷ್ಟರಲ್ಲಿ ಗುಂಡು ಹೋಗಿರುತ್ತಿತ್ತು. ಟರ್ಕಿಯದರ ಟ್ರಿಗರ್ ಒಳಗೆಲ್ಲೋ ಮರಳು ಸಿಕ್ಕಿದ ಹಾಗೆ ಸ್ವಲ್ಪ ಗರಗರ ಎನ್ನುತ್ತಿತ್ತು. ಹಿಡಿ ಪ್ಲಾಸ್ಟಿಕ್ಕಿನದು. ಹಾಗೆಂದು ಗುರಿಯೇನೂ ತಪ್ಪುತ್ತಿರಲಿಲ್ಲ. ಆದರೆ ಅದನ್ನು ಹಿಡಿದಾಗ ನನಗೆ ಕನಸು ಬೀಳುತ್ತಿರಲಿಲ್ಲ.

ತಂಡದಲ್ಲಿದ್ದ ಪಲ್ಲವಿ ಬೆಂಗಳೂರಿನ ಹುಡುಗಿ, ಐಟಿ ಕೆಲಸದವಳು. ಅವಳು ಟರ್ಕಿ ಪಕ್ಷ. "ಬ್ರ್ಯಾಂಡ್‌ಗೆ ಸುರಿಯೋ ದುಡ್ಡಲ್ಲಿ ವರ್ಷಪೂರ್ತಿ ಗುಂಡು ಬರುತ್ತೆ. ಪ್ರಾಕ್ಟೀಸ್ ಮುಖ್ಯ ಅಲ್ವಾ ಆಂಟಿ?" ಎಂದು ವಾದ ಮಾಡುತ್ತಿದ್ದಳು. ಜರ್ಮನಿಯ ಬಿಡಿಭಾಗ ಬರಲು ತಿಂಗಳುಗಟ್ಟಲೆ ಕಾಯಬೇಕು, ಟರ್ಕಿಯದು ಇಲ್ಲೇ ಸಿಗುತ್ತದೆ ಎಂಬುದೂ ಅವಳ ಮಾತು. ಎಲ್ಲ ಸರಿಯೇ. ಆದರೆ ಆಂಟಿ ಎಂದ ಮೇಲೆ ಅವಳ ಪಕ್ಷಕ್ಕೆ ಹೇಗೆ ಹೋಗುವುದು?

ನನ್ನ ಈ ಜರ್ಮನ್ ರೋಗಕ್ಕೆ ಬೇರೆ ಕಾರಣವೂ ಇತ್ತು. ಮದುವೆಯಾಗಿ ಬಂದ ಹೊಸದರಲ್ಲಿ ನಾವು ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಹತ್ತಿರ ಇದ್ದೆವು. ಕಾರ್ಕಳಕ್ಕೆ ಹೋಗುವ ಮೊದಲು ಆ ಬೀದಿಯಲ್ಲಿ ಸುತ್ತಿ ಟಾರ್ಚು, ರೇಡಿಯೊ, ಗಡಿಯಾರ ಕೊಳ್ಳುತ್ತಿದ್ದೆವು. ಊರಿನಲ್ಲಿ ಮಾವ ಯಾವ ಸಾಮಾನು ಕೊಟ್ಟರೂ ಮೊದಲು ಮಗುಚಿ ಅದರ ಅಡಿ ನೋಡುತ್ತಿದ್ದರು. ಎಲ್ಲಿ ಮಾಡಿದ್ದೆಂದು ಓದಿಯೇ ಮುಖ ಅರಳುವುದೋ ಬಾಡುವುದೋ. "ಒರಿಜಿನಲ್ಲಾ?" ಎಂಬ ಅವರ ಪ್ರಶ್ನೆ ನನ್ನೊಳಗೂ ಸೇರಿಕೊಂಡಿತ್ತು. ಇಪ್ಪತ್ತು ವರ್ಷವಾದರೂ ನಾನು ಈಗಲೂ ಅಂಗಡಿಯಲ್ಲಿ ಚಮಚ ಕೊಂಡರೂ ಮಗುಚಿ ನೋಡುತ್ತೇನೆ.

ಆಯುಧಪೂಜೆಯ ಶನಿವಾರವೇ ಪರೀಕ್ಷೆ ಇಟ್ಟುಕೊಂಡಿದ್ದರು. ಆರು ಜನರೂ ಎರಡರಲ್ಲೂ ಹೊಡೆಯುವುದು, ಮೇಡಂ ಶಮ್ಮಾ ಬರೆದುಕೊಳ್ಳುವುದು, ಸಂಜೆಯೊಳಗೆ ತೀರ್ಮಾನ. ಬೆಳಿಗ್ಗೆ ಮನೆಯಿಂದ ಹೊರಟಾಗ ಮಂಜು ಮುಸುಕಿತ್ತು. ಊರು ದಾಟಿದ ಮೇಲೆ ರಸ್ತೆಯೂ ಮರಳೂ ಒಂದೇ ಬಣ್ಣ. ದೀಪದ ಕಂಬಗಳು ಒಂದೊಂದಾಗಿ ಹುಟ್ಟಿ ಒಂದೊಂದಾಗಿ ಮಾಯವಾಗುತ್ತಿದ್ದವು. ನಾನು ಕಾರು ಓಡಿಸುತ್ತಿದ್ದೇನೋ ಯಾರೋ ನನ್ನನ್ನು ಕರೆದುಕೊಂಡು ಹೋಗುತ್ತಿದ್ದಾರೋ ಎಂಬಂತಿತ್ತು. ಕೈಚೀಲದಲ್ಲಿ ಕುಂಕುಮದ ಕರಡಿಗೆ ಇತ್ತು. ತೇದ ಗಂಧವನ್ನೂ ಒಂದು ಪುಟ್ಟ ಡಬ್ಬಿಯಲ್ಲಿ ಹಾಕಿಕೊಂಡಿದ್ದೆ. ಯಾಕೆ ಎಂದು ನನ್ನನ್ನೇ ಕೇಳಿಕೊಳ್ಳಲಿಲ್ಲ.

ನಾನೇ ಮೊದಲು ತಲುಪಿದ್ದೆ. ಗುಂಡು ಹೊಡೆಯುವ ರೇಂಜಿನ ಮೇಜಿನ ಮೇಲೆ ಎರಡು ಪಿಸ್ತೂಲುಗಳೂ ಬಿಳಿ ಬಟ್ಟೆಯ ಮೇಲೆ ಮಲಗಿದ್ದವು. ಹೊಡೆಯದೆ ಇರುವಾಗ ಪಿಸ್ತೂಲನ್ನು ಖಾಲಿಯೆಂದು ಎಲ್ಲರಿಗೂ ಕಾಣುವ ಹಾಗೆ ಬಾಯಿ ತೆರೆದೇ ಇಡುವುದು ನಿಯಮ. ಹತ್ತಿರ ಕುಯಾ ನಿಂತಿದ್ದರು. ಅವರ ಹೆಸರು ರೊಮೆಲ್. ಫಿಲಿಪ್ಪೀನ್ಸಿನವರು ಅಣ್ಣನಿಗೆ ಕುಯಾ ಎನ್ನುತ್ತಾರೆ, ಇಡೀ ಕ್ಲಬ್ಬು ಅವರನ್ನು ಹಾಗೆಯೇ ಕರೆಯುವುದು. ಐವತ್ತೈದು ದಾಟಿದವರು. ಎಲ್ಲ ಪಿಸ್ತೂಲುಗಳನ್ನು ಬಿಚ್ಚಿ, ಒರೆಸಿ, ಎಣ್ಣೆ ಹಾಕಿ ಇಡುವುದು ಅವರ ಕೆಲಸ. ಹತ್ತೊಂಬತ್ತು ವರ್ಷದಲ್ಲಿ ತನ್ನ ಕಪಾಟಿನೊಳಗೆ ಒಂದು ಚುಕ್ಕೆ ತುಕ್ಕು ಹಿಡಿದದ್ದಿಲ್ಲ ಎಂಬುದು ಅವರ ಒಂದೇ ಜಂಬ. "ಮೇಡಂ, ಎರಡು ನಿಮಿಷ. ಕಾಗದದ ಗುರಿಗಳನ್ನು ತರುತ್ತೇನೆ. ಮುಟ್ಟಬೇಡಿ, ಹಾಂ?" ಎಂದು ನಗುತ್ತಾ ಹೋದರು.

ನಾನು ಮುಟ್ಟಿದೆ.

ಜರ್ಮನಿಯದಕ್ಕೆ ಮೊದಲು. ತೆರೆದ ಬಾಯಿಯ ಪಕ್ಕದ ಉಕ್ಕಿಗೆ ಗಂಧವನ್ನು ಧಾರಾಳವಾಗಿ ಹಚ್ಚಿ, ಅದರ ಮೇಲೆ ಕುಂಕುಮ ಒತ್ತಿದೆ. ಬೊಟ್ಟು ಎಂದರೆ ಕಾಣಬೇಕು ಎಂದು ನನ್ನ ಅಜ್ಜಿ ಹೇಳುತ್ತಿದ್ದರು. ಸಾಲದೆಂದು ಇನ್ನೊಂದು ಚಿಟಿಕೆ ಉದುರಿಸಿದೆ. ಕಣ್ಣು ಮುಚ್ಚಿ, ಇದೇ ನಮ್ಮದಾಗಲಿ ಎಂದು ಕೇಳಿಕೊಂಡೆ. ಟರ್ಕಿಯದು ಪಕ್ಕದಲ್ಲಿ ಸುಮ್ಮನೆ ಮಲಗಿತ್ತು. ಬಿಡಲು ಮನಸ್ಸು ಬರಲಿಲ್ಲ. ಬೆರಳ ತುದಿಯಲ್ಲಿ ಉಳಿದದ್ದನ್ನು ಅದರ ಹಿಡಿಗೆ ಸವರಿದೆ. ಒಂದು ಸಾಸಿವೆಯಷ್ಟು ಬೊಟ್ಟು. ಕುಯಾರ ಹೆಜ್ಜೆ ಕೇಳಿಸಿತು. ಟಿಶ್ಯೂ ತೆಗೆದು ಎರಡನ್ನೂ ಒರೆಸಿ, ಕೈಕಟ್ಟಿ ನಿಂತೆ.

ಪರೀಕ್ಷೆ ಶುರುವಾಯಿತು. ಟರ್ಕಿಯದು ಆರು ಜನರ ಕೈಯಲ್ಲೂ ತಕರಾರಿಲ್ಲದೆ ಹೊಡೆಯಿತು. ಜರ್ಮನಿಯದು ಮೊದಲಿಬ್ಬರವರೆಗೆ ಸರಿಯಿತ್ತು. ಮೂರನೆಯವಳಾಗಿ ಪಲ್ಲವಿ ಹೊಡೆಯುವಾಗ ಅರ್ಧಕ್ಕೆ ನಿಂತಿತು. ಪ್ರತಿ ಗುಂಡಿಗೂ ಹಿಂದೆ ಸರಿದು ತಾನಾಗಿ ಮುಂದೆ ಬರಬೇಕಾದ ಮೇಲಿನ ಉಕ್ಕಿನ ಭಾಗ ಹಿಂದೆಯೇ ಉಳಿದುಬಿಟ್ಟಿತ್ತು. ಕುಯಾ ಸರಿ ಮಾಡಿ ಕೊಟ್ಟರು. ಮತ್ತೆ ಎರಡು ಗುಂಡು, ಮತ್ತೆ ನಿಂತಿತು. ನನ್ನ ಸರದಿಯಲ್ಲಿ ಮೊದಲ ಗುಂಡಿಗೇ ಕಚ್ಚಿಕೊಂಡಿತು. "ಹೆಸರಿಗೆ ಮಾತ್ರ ಜರ್ಮನ್ನು" ಎಂದು ಪಲ್ಲವಿ ಮೆಲ್ಲಗೆ ನಕ್ಕಳು. ನನಗೆ ಅಳು ಬರುವಂತಾಯಿತು. ಆಗಲೂ ನನಗೆ ಬೇರೇನೂ ಹೊಳೆದಿರಲಿಲ್ಲ ಎಂದರೆ ನಂಬಿ.

ಮೇಡಂ ಶಮ್ಮಾ ಗುಂಡು ನಿಲ್ಲಿಸಲು ಹೇಳಿ, ಪಿಸ್ತೂಲನ್ನು ಕುಯಾರಿಂದ ಅಲ್ಲೇ ಬಿಚ್ಚಿಸಿದರು. ಒಳಗಿನ ಸಂದಿಯಲ್ಲಿ ಎಣ್ಣೆಯೊಂದಿಗೆ ಕಲೆತ ಕೆಂಪು ಕಂದು ಪುಡಿ ಅಂಟಿಕೊಂಡಿತ್ತು.

"ತುಕ್ಕು" ಎಂದರು ಮೇಡಂ.

ಕುಯಾ ಬಗ್ಗಿ ನೋಡಿದರು. ಕನ್ನಡಕ ಹಾಕಿ ಮತ್ತೆ ನೋಡಿದರು. ಅವರ ಮುಖದ ಬಣ್ಣವೇ ಇಳಿದುಹೋಯಿತು. "ಇಲ್ಲ ಮೇಡಂ, ನಿನ್ನೆ ಸಂಜೆ ನಾನೇ..." ಎಂದರು.

"ಇದು ನಮ್ಮದೂ ಅಲ್ಲ. ಅಂಗಡಿಯವರಿಗೆ ವಾಪಸು ಕೊಡಬೇಕಾದದ್ದು. ಒಂದು ವಾರದಲ್ಲಿ ತುಕ್ಕು ಹಿಡಿಸಿಟ್ಟಿದ್ದೀಯ. ನಿನ್ನ ಹೊಸ ಕಾಂಟ್ರ್ಯಾಕ್ಟಿನ ಕಾಗದ ನನ್ನ ಮೇಜಿನ ಮೇಲಿದೆ, ರೊಮೆಲ್. ನಾನು ಏನೆಂದು ಸಹಿ ಮಾಡಲಿ?"

ಅವರು ಕುಯಾ ಎನ್ನದೆ ರೊಮೆಲ್ ಎಂದದ್ದನ್ನು ಎಲ್ಲರೂ ಗಮನಿಸಿದರು. ಕುಯಾ ಸೊಂಟಕ್ಕೆ ಸಿಕ್ಕಿಸಿದ್ದ ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತಲೇ ಇದ್ದರು, ಒರೆಸಿದ್ದನ್ನೇ ಮತ್ತೆ ಮತ್ತೆ.

ನಾನು ಬಾತ್‌ರೂಮಿಗೆ ಹೋದೆ. ಹೋದೆ ಎನ್ನುವುದಕ್ಕಿಂತ ಓಡಿದೆ. ಕೈ ತೊಳೆಯಲು ನಲ್ಲಿ ತಿರುಗಿಸಿದಾಗ ಕಂಡಿತು, ಉಂಗುರ ಬೆರಳ ಉಗುರಿನಡಿ ಅದೇ ಕೆಂಪು. ನೀರು ಸುರಿಯುತ್ತಿತ್ತು. ನಾನು ಅದನ್ನೇ ನೋಡುತ್ತಾ ನಿಂತೆ. ಹೇಳಿದರೆ ಏನಾದೀತು? ಅಪ್ಪಣೆಯಿಲ್ಲದೆ ಪಿಸ್ತೂಲು ಮುಟ್ಟಿದ್ದೇನೆ, ಅದರೊಳಗೆ ಪುಡಿ ಹಾಕಿದ್ದೇನೆ. ಕ್ಲಬ್ಬಿನಿಂದ ಹೊರಗೆ ಹಾಕುವುದಂತೂ ಖಂಡಿತ. ಪೊಲೀಸಿಗೆ ಹೋದರೆ? ವೀಸಾಕ್ಕೆ ಕುತ್ತು ಬಂದರೆ? ಬೇಕೆಂದೇ ಹಾಳು ಮಾಡಿದೆ ಎಂದರೆ? ಇಷ್ಟು ವರ್ಷ ಒಂದು ಪಾರ್ಕಿಂಗ್ ದಂಡವನ್ನೂ ತಡಮಾಡದೆ ಕಟ್ಟಿದವರು ನಾವು. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಉಗುರು ತಿಕ್ಕಿ ತೊಳೆದರೆ ಆಯಿತು.

ಉಗುರು ತಿಕ್ಕಿದೆ. ಹೋಗಲಿಲ್ಲ. ಕುಂಕುಮ ಅಷ್ಟು ಬೇಗ ಹೋಗುವುದಿಲ್ಲ. ಕನ್ನಡಿಯಲ್ಲಿ ನನ್ನ ಹಣೆಯ ಮೇಲೂ ಅದೇ ಕೆಂಪು ಇತ್ತು. ಅದನ್ನು ಇಟ್ಟುಕೊಂಡು ಹೊರಗೆ ಹೋಗಿ ಸುಮ್ಮನೆ ನಿಲ್ಲುವುದು ನನ್ನಿಂದ ಆಗುವ ಕೆಲಸವಾಗಿರಲಿಲ್ಲ.

ವಾಪಸು ಬಂದು ಕರಡಿಗೆಯನ್ನು ಮೇಜಿನ ಮೇಲೆ ಇಟ್ಟೆ. "ಮೇಡಂ, ಅದು ತುಕ್ಕಲ್ಲ. ಇದು. ಹಾಕಿದ್ದು ನಾನು" ಎಂದೆ. ಇವತ್ತು ನಮ್ಮಲ್ಲಿ ಕೆಲಸದ ಸಲಕರಣೆಗಳಿಗೆಲ್ಲ ಪೂಜೆ ಮಾಡುವ ದಿನ ಎಂದೆ. ಏರ್ ಫ್ರೈಯರಿನ ವಿಷಯವನ್ನೂ ಹೇಳಿಬಿಟ್ಟೆನಂತೆ, ಆಮೇಲೆ ಪಲ್ಲವಿ ಹೇಳಿದ್ದು. ನನಗೆ ನೆನಪಿಲ್ಲ.

ಮೇಡಂ ಶಮ್ಮಾ ಕರಡಿಗೆ ತೆರೆದು ಮೂಸಿ ನೋಡಿದರು. ಬೆರಳಿನಲ್ಲಿ ಚೂರು ತೆಗೆದು ಪಿಸ್ತೂಲಿನೊಳಗಿನದಕ್ಕೆ ಹೋಲಿಸಿದರು.

"ಎರಡಕ್ಕೂ ಹಾಕಿದೆಯಾ?"

"ಹೌದು ಮೇಡಂ."

"ಮತ್ತೆ ಅದು ಯಾಕೆ ನಿಲ್ಲಲಿಲ್ಲ?"

ನನ್ನ ಜೀವನದಲ್ಲಿ ಅಷ್ಟು ನಾಚಿಕೆಯ ಉತ್ತರ ನಾನು ಯಾರಿಗೂ ಕೊಟ್ಟಿಲ್ಲ. "ಅದಕ್ಕೆ ಸ್ವಲ್ಪವೇ ಹಾಕಿದ್ದು. ಇದಕ್ಕೆ ಜಾಸ್ತಿ. ಇದು ನನಗೆ ಹೆಚ್ಚು ಇಷ್ಟ."

ಮೇಡಂ ನನ್ನನ್ನು ಬಿಟ್ಟು ಕುಯಾರ ಕಡೆ ತಿರುಗಿದರು. ಎಲ್ಲರ ಎದುರೇ ಎದೆಯ ಮೇಲೆ ಕೈಯಿಟ್ಟು, "ಕುಯಾ, ತಪ್ಪು ನನ್ನದು. ನೋಡದೆ ಮಾತಾಡಿದೆ. ನಿನ್ನ ಕಾಗದಕ್ಕೆ ಈಗಲೇ ಸಹಿ ಹಾಕುತ್ತೇನೆ" ಎಂದರು. ಆಮೇಲೆ ನನಗೆ: "ನೀನು ಒಂದು ತಿಂಗಳು ಗುಂಡು ಹೊಡೆಯುವಂತಿಲ್ಲ. ಆದರೆ ಪ್ರತಿ ಶನಿವಾರ ಬರಬೇಕು. ಕುಯಾರ ಪಕ್ಕ ಕೂತು ಪಿಸ್ತೂಲು ಶುಚಿ ಮಾಡಬೇಕು. ಈ ನಿನ್ನ ಜರ್ಮನ್ನಿನಿಂದಲೇ ಶುರು. ಯಲ್ಲಾ."

ಖಲಾಸ್, ನಿನ್ನದು ಮುಗಿಯಿತು ಎನ್ನುವರೆಂದು ಕಾದಿದ್ದವಳು ನಾನು. ಯಲ್ಲಾ, ಅಂದರೆ ನಡಿ, ಎಂದಾಗ ಅಲ್ಲೇ ಕುರ್ಚಿಯಲ್ಲಿ ಕೂತು ಅತ್ತುಬಿಟ್ಟೆ. ಕುಯಾ ನೀರು ತಂದುಕೊಟ್ಟರು. ಪಲ್ಲವಿ ನನ್ನ ಬೆನ್ನು ಸವರುತ್ತಾ, "ಆಯ್ತು ಬಿಡಿ ಆಂಟಿ" ಎಂದಳು. ಆ ಹೊತ್ತಿಗೆ ಆಂಟಿ ಎಂಬುದೂ ಹಿತವಾಗಿಯೇ ಕೇಳಿಸಿತು. ಮನೆಯಲ್ಲಿ ಹೇಳಿದಾಗ ಯಜಮಾನರು, "ನಾನು ತಮಾಷೆಗೆ ಹೇಳಿದ್ದು ಮಾರಾಯ್ತಿ, ನೀನು ಎಂತ ಮಾಡಿದ್ದು!" ಎಂದು ತಲೆಯ ಮೇಲೆ ಕೈಹೊತ್ತು ಕೂತರು.

ಆ ಒಂದು ತಿಂಗಳು ನನ್ನ ಬದುಕಿನ ಅತಿ ನಿಧಾನದ ತಿಂಗಳು, ಅತಿ ಚಂದದ್ದೂ ಹೌದು. ಕಪಾಟಿನ ಕೋಣೆಯಲ್ಲಿ ಕಿಟಕಿಯಿಲ್ಲ, ಒಂದೇ ದೀಪ. ಗೋಡೆಯ ಆಚೆಯಿಂದ ಗುಂಡಿನ ಸದ್ದು ಯಾರೋ ದೂರದಲ್ಲಿ ಬಾಗಿಲು ತಟ್ಟಿದ ಹಾಗೆ ಬರುತ್ತಿತ್ತು. ಕುಯಾ ಒಂದೊಂದೇ ಭಾಗವನ್ನು ಬಿಚ್ಚಿ ನನ್ನ ಅಂಗೈಗೆ ಇಡುತ್ತಿದ್ದರು. ಜರ್ಮನಿಯದರ ಒಳಗು ಹೊರಗಿನಷ್ಟೇ ನುಣುಪು. ಭಾಗಕ್ಕೂ ಭಾಗಕ್ಕೂ ನಡುವೆ ಕೂದಲು ತೂರದಷ್ಟು ಬಿಗಿ. ಅದಕ್ಕೇ ನನ್ನ ಒಂದು ಚಿಟಿಕೆ ಪ್ರೀತಿಯನ್ನೂ ಅದು ತಾಳಲಿಲ್ಲ. ಟರ್ಕಿಯದರ ಒಳಗೆ ಯಂತ್ರದ ಗೀರುಗಳು ಹಾಗೆಯೇ ಇದ್ದವು. ಸ್ವಲ್ಪ ಸಡಿಲ. ಕುಯಾ ಅದನ್ನು ನಯವಾದ ಸಾಣೆಕಲ್ಲಿನಿಂದ ಮೆಲ್ಲಗೆ ಉಜ್ಜುತ್ತಾ, "ಕಂಪನಿ ಮುಗಿಸದೆ ಬಿಟ್ಟದ್ದನ್ನು ನಾನು ಮುಗಿಸುತ್ತೇನೆ ಮೇಡಂ. ಮೂರು ಶನಿವಾರ ಸಾಕು" ಎಂದರು. ಮೂರನೆಯ ಶನಿವಾರ ಟ್ರಿಗರ್ ಒತ್ತಿ ನೋಡಿದೆ. ಆ ಗರಗರ ಇರಲಿಲ್ಲ.

ಕ್ಷಮೆ ಕೇಳಬೇಕೆಂದು ನಾಲ್ಕು ಸಲ ಬಾಯಿ ತೆರೆದೆ. ನಾಲ್ಕು ಸಲವೂ ಅವರು ನನ್ನ ಕೈಗೆ ಇನ್ನೊಂದು ಭಾಗ ಕೊಟ್ಟರು. ಕೊನೆಯ ದಿನ ಹೇಳಿಯೇಬಿಟ್ಟೆ. ಕುಯಾ ಒರೆಸುವುದನ್ನು ನಿಲ್ಲಿಸದೆ, "ನೀವು ಬಾತ್‌ರೂಮಿನಿಂದ ವಾಪಸು ಬಂದಿರಲ್ಲ" ಎಂದರು.

ಅರ್ಧಕ್ಕೆ ನಿಂತಿದ್ದ ಪರೀಕ್ಷೆ ಆ ತಿಂಗಳಾದ ಮೇಲೆ ಮತ್ತೆ ನಡೆದಾಗ ಜರ್ಮನಿಯದು ಒಂದು ಬೆರಳ ಅಗಲದಷ್ಟು ಮುಂದೆ. ಅದಂತೂ ಸತ್ಯ, ನಾನು ಸುಳ್ಳು ಹೇಳಲಾರೆ. ಆದರೂ ಮೇಡಂ ನನ್ನ ಅಭಿಪ್ರಾಯ ಕೇಳಿದಾಗ ನಾನು ಟರ್ಕಿಯದೇ ಸಾಕು ಎಂದೆ, ಕುಯಾ ಇರುವವರೆಗೆ ಎಂದೂ ಸೇರಿಸಿದೆ. ಆರೂ ಟರ್ಕಿಯದೇ ಬಂದವು. ಜರ್ಮನಿಯ ಮಾದರಿಯನ್ನು ವಾಪಸು ಕೊಡಲು ಮೇಡಂಗೆ ಮನಸ್ಸಾಗಲಿಲ್ಲ, ಅದೊಂದನ್ನು ಕ್ಲಬ್ಬೇ ಇಟ್ಟುಕೊಂಡಿತು. ಅಬುಧಾಬಿಯಲ್ಲಿ ನಮ್ಮ ತಂಡಕ್ಕೆ ಬಂದದ್ದು ನಾಲ್ಕನೆಯ ಸ್ಥಾನ. ಮೂರರವರೆಗೆ ಮಾತ್ರ ಪದಕ. ವಾಪಸು ಬರುವಾಗ ದಾರಿಯುದ್ದಕ್ಕೂ ಪಲ್ಲವಿ ಹಾಡುತ್ತಿದ್ದಳು. ನನಗೆ ಯಾಕೋ ಬೇಸರವೇ ಆಗಲಿಲ್ಲ.

ಕಳೆದ ವರ್ಷ ನವರಾತ್ರಿ ಶುರುವಾಗುವ ಹೊತ್ತಿಗೆ ಕುಯಾರ ಫೋನು ಬಂತು. "ಮೇಡಂ, ನಿಮ್ಮ ಕೆಂಪು ದಿನ ಯಾವಾಗ?"

ನನಗೆ ನಗಬೇಕೋ ಹೆದರಬೇಕೋ ತಿಳಿಯಲಿಲ್ಲ. ಆ ದಿನ ಕರಡಿಗೆಯನ್ನು ಬೇಕೆಂದೇ ಮನೆಯಲ್ಲಿ ಬಿಟ್ಟು ಹೊರಟೆ. ಅರ್ಧ ದಾರಿಯಿಂದ ತಿರುಗಿ ಬಂದು ತೆಗೆದುಕೊಂಡು ಹೋದೆ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಕುಯಾ ಪಿಸ್ತೂಲಿನ ಪೆಟ್ಟಿಗೆಗಳನ್ನು ಇಟ್ಟಿದ್ದರು. ಪಿಸ್ತೂಲುಗಳು ಒಳಗೆ, ಮುಚ್ಚಳಗಳು ಭದ್ರವಾಗಿ ಮುಚ್ಚಿದ್ದವು. ಟರ್ಕಿಯದು ಆರು, ಕೊನೆಯಲ್ಲಿ ಜರ್ಮನಿಯದು ಒಂದು. ಪ್ರತಿ ಮುಚ್ಚಳದ ಮೇಲೂ ಬಿಳಿ ಟೇಪು ಅಂಟಿಸಿ, ಅದರ ಮೇಲೆ ಪೆನ್ನಿನಿಂದ ಒಂದು ಪುಟ್ಟ ವೃತ್ತ ಬರೆದಿದ್ದರು. ಬೊಟ್ಟು ಅದರೊಳಗೆ ಮಾತ್ರ. ಎಲ್ಲವೂ ಒಂದೇ ಅಳತೆಯ ಹಾಗೆ ಕಂಡವು. ಆದರೂ ನಾನು ಬಗ್ಗಿ ನೋಡಿದೆ.

ಕುಯಾ ಜೇಬಿನಿಂದ ಒಂದು ದಿರ್ಹಮ್ ನಾಣ್ಯ ತೆಗೆದು ತೋರಿಸಿದರು. "ಇದನ್ನು ಇಟ್ಟು ಬರೆದದ್ದು ಮೇಡಂ. ಏಳೂ ಒಂದೇ" ಎಂದರು.

ನಾನು ಗಂಧ ಹಚ್ಚಿ, ಕುಂಕುಮ ಇಟ್ಟು, ಏಳು ಬೊಟ್ಟು ಮುಗಿಸುವಷ್ಟರಲ್ಲಿ ಕಣ್ಣು ಮಂಜಾಗಿತ್ತು. ಈಗಲೂ ಅಂಗಡಿಯಲ್ಲಿ ಯಾವುದಾದರೂ ಸಾಮಾನನ್ನು ಮಗುಚಿ ಅಡಿ ನೋಡಲು ಹೊರಟಾಗ ನನಗೆ ಆ ನಾಣ್ಯ ನೆನಪಾಗುತ್ತದೆ. ನೋಡುವುದನ್ನು ಪೂರ್ತಿ ಬಿಟ್ಟಿದ್ದೇನೆ ಎಂದು ಹೇಳಲಾರೆ. ಆದರೆ ನೋಡಿದ ಮೇಲೆ ಸ್ವಲ್ಪ ನಾಚಿಕೆಯಾಗುತ್ತದೆ.